ವಾಚ್ ಹೇಳಿತ್ತು, ನಾವು ಕೇಳಲಿಲ್ಲ



ನಮ್ಮ ಯುವ ಸಂಘದ ಹತ್ತಿರ ಒಂದು ವಾಚ್ ಇದೆ. ಹನ್ನೊಂದು ಜನ ತಲಾ 300 ರೂಪಾಯಿ ಹಾಕಿ ಕೊಂಡದ್ದು. ಅದು ಯಾರೊಬ್ಬರ ಸ್ವಂತದ್ದೂ ಅಲ್ಲ. ಒಂದು ವಾರ ಕೊಲ್ಹಾಪುರದಲ್ಲಿರುತ್ತದೆ, ಮುಂದಿನ ವಾರ ಇಚಲಕರಂಜಿಗೆ ಹೋಗುತ್ತದೆ, ಅದರ ಮುಂದಿನ ವಾರ ಗಡಹಿಂಗ್ಲಜಕ್ಕೆ. ಹೋಗುವುದು ಎಸ್‌ಟಿ ಬಸ್ಸಿನಲ್ಲಿ, ಊರಿಗೆ ಹೊರಟವರ ಕೈಯಲ್ಲಿ. ಈಗ ಅದರ ಗಾಜಿನ ಮೇಲೆ ಒಂದು ಗೀರು ಬಿದ್ದಿದೆ, ಪಟ್ಟಿಯ ಒಂದು ತೂತು ದೊಡ್ಡದಾಗಿದೆ. ಆದರೂ ಕೆಲಸ ಮಾಡುತ್ತದೆ. ಓಡುವಾಗ ನಿಮಿಷಕ್ಕೆ ಎದೆ ಎಷ್ಟು ಸಲ ಬಡಿಯುತ್ತಿದೆ ಎಂದು ತೋರಿಸುತ್ತದೆ.

ಆ ವಾಚಿನ ಬಗ್ಗೆ ಬರೆಯಿರಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅದನ್ನು ಹೇಗೆ ಕಟ್ಟಬೇಕು, ಎಷ್ಟು ಬಡಿತಕ್ಕೆ ಓಡಬೇಕು, ನಂಬಬಹುದೇ ಎಂದೆಲ್ಲ. ನಮಗೆ ಗೊತ್ತಿದ್ದಷ್ಟು ಬರೆಯುತ್ತೇವೆ. ಅದರ ಜೊತೆಗೆ ನಾವು ಮಾಡಿದ ಒಂದು ತಪ್ಪನ್ನೂ ಬರೆಯಬೇಕಾಗಿದೆ. ಅದನ್ನು ಬಿಟ್ಟು ಬರೆದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಓಟ ಶುರುವಾದದ್ದು ಭರತಿಯಿಂದ. ನಮ್ಮಲ್ಲಿ ಮೂವರು ಮಹಾರಾಷ್ಟ್ರ ಪೊಲೀಸ್ ಭರತಿಗೆ ತಯಾರಿ ನಡೆಸಿದ್ದಾರೆ. ಅದರ ಮೈದಾನ ಪರೀಕ್ಷೆಗೆ 50 ಅಂಕ. ಹುಡುಗರಿಗೆ 1600 ಮೀಟರ್ ಓಟಕ್ಕೆ 20, ನೂರು ಮೀಟರಿಗೆ 15, ಗುಂಡು ಎಸೆತಕ್ಕೆ 15. ಹುಡುಗಿಯರಿಗೆ ದೂರದ ಓಟ 800 ಮೀಟರ್. ಒಂದೊಂದು ಅಂಕಕ್ಕೆ ಎಷ್ಟು ಜನ ಕಾದಿರುತ್ತಾರೆ ಎಂಬುದು ನಮ್ಮ ಭಾಗದ ಎಲ್ಲ ಮನೆಗಳಿಗೂ ಗೊತ್ತು. ಮೂವರು ಒಬ್ಬೊಬ್ಬರೇ ಓಡುವುದು ಬೇಡ, ನಾವೂ ಜೊತೆಗೆ ಓಡೋಣ ಎಂದುಕೊಂಡೆವು. ಉಳಿದ ಎಂಟು ಜನ ಭರತಿಗೆ ಹೋಗುವವರಲ್ಲ. ಅಂಗಡಿ, ಕಾರ್ಖಾನೆ, ಕಂಪ್ಯೂಟರ್ ಮುಂದೆ ಕೂತು ಮೈ ಬೆಳೆಸಿಕೊಂಡವರು. ತಿಂಗಳಿಗೊಮ್ಮೆ ಬಲಿಪೂಜೆಗೆ ಎಲ್ಲರೂ ಕೊಲ್ಹಾಪುರಕ್ಕೆ ಸೇರುವ ಭಾನುವಾರ ಬೆಳಿಗ್ಗೆ ಮೊದಲು ಒಟ್ಟಿಗೆ ಓಟ, ಆಮೇಲೆ ಸ್ನಾನ, ಆಮೇಲೆ ದೇವಾಲಯ. ಉಳಿದ ದಿನಗಳಲ್ಲಿ ಅವರವರ ಊರಲ್ಲಿ. ಕೊಲ್ಹಾಪುರದವರು ರಂಕಾಳ ಕೆರೆಯ ದಂಡೆಯ ಮೇಲೆ, ಗಡಹಿಂಗ್ಲಜದವರು ಫುಟ್‌ಬಾಲ್ ಹುಡುಗರು ಬರುವ ಮುಂಚೆ ಮೈದಾನದಲ್ಲಿ, ಇಚಲಕರಂಜಿಯವರು ಮಗ್ಗದ ಪಾಳಿ ಮುಗಿದ ಮೇಲೆ ಸಿಕ್ಕ ರಸ್ತೆಯಲ್ಲಿ.

ವಾಚ್ ಬಂದ ಮೊದಲ ತಿಂಗಳು ಹಬ್ಬವೇ. ಬಿಎಸ್‌ಸಿ ಓದಿದವರಿಗೆ ಅಂಕಿ ಕಂಡರೆ ಒಂದು ಮೋಹ. ನಾವು ಒಂದು ನೂರು ಪುಟದ ನೋಟ್‌ಬುಕ್ ತಂದು ಗೆರೆ ಹಾಕಿದೆವು. ಹೆಸರು, ದಿನಾಂಕ, ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಷ್ಟು, ಓಡುವಾಗ ಸರಾಸರಿ ಎಷ್ಟು, ಅತಿ ಹೆಚ್ಚು ಎಷ್ಟು, ಎಷ್ಟು ನಿಮಿಷ. ವಾಚ್ ಯಾವ ಊರಲ್ಲಿದೆಯೋ ಅಲ್ಲಿಂದ ಅಂಕಿಗಳು ವಾಟ್ಸಾಪಿಗೆ ಬರುತ್ತಿದ್ದವು, ನಾವು ಕೂತು ಬರೆದುಕೊಳ್ಳುತ್ತಿದ್ದೆವು.

ಈ ವಾಚ್ ಎದೆಯನ್ನು ನೇರವಾಗಿ ಕೇಳಿಸಿಕೊಳ್ಳುವುದಿಲ್ಲ. ಬೆನ್ನು ತಿರುಗಿಸಿ ನೋಡಿದರೆ ಹಸಿರು ದೀಪ ಮಿನುಗುವುದು ಕಾಣುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೆ ಮಣಿಕಟ್ಟಿನ ಸಣ್ಣ ನಾಳಗಳಲ್ಲಿ ರಕ್ತ ಹೆಚ್ಚಾಗುತ್ತದೆ, ಆಗ ಮರಳಿ ಬರುವ ಬೆಳಕು ಕಡಿಮೆ. ಬಡಿತದ ನಡುವೆ ರಕ್ತ ಇಳಿಯುತ್ತದೆ, ಬೆಳಕು ಹೆಚ್ಚು. ಈ ಏರಿಳಿತವನ್ನೇ ವಾಚ್ ಎಣಿಸುತ್ತದೆ. ಎದೆಗೆ ಕಟ್ಟುವ ಪಟ್ಟಿ ಬೇರೆ ಜಾತಿ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಅದಕ್ಕೇ ಹೆಚ್ಚು ನಿಖರ. ಫಿನ್‌ಲೆಂಡಿನಲ್ಲಿ 1977ರಲ್ಲಿ ಶುರುವಾದ ಪೋಲಾರ್ ಕಂಪನಿ 1982ರಲ್ಲಿ ತಂತಿಯಿಲ್ಲದೆ ಎದೆಪಟ್ಟಿಯಿಂದ ಮಣಿಕಟ್ಟಿಗೆ ಬಡಿತ ತೋರಿಸುವ ಸಾಧನ ತಂದಿತು. ಅಲ್ಲಿಂದ ಓಟಗಾರರ ಕೈಗೆ ಈ ಅಂಕಿ ಬಂತು.

ಅದಕ್ಕೂ ಮುಂಚಿನ ಕಥೆ ಇನ್ನೂ ಚೆನ್ನಾಗಿದೆ. ಯುವಕ ಗೆಲಿಲಿಯೊ ಪೀಸಾ ನಗರದ ಪ್ರಧಾನ ದೇವಾಲಯದಲ್ಲಿ ಕೂತಿದ್ದಾಗ ಮೇಲೆ ತೂಗುವ ದೀಪವನ್ನು ನೋಡಿದನಂತೆ. ಅದು ದೊಡ್ಡದಾಗಿ ತೂಗಿದರೂ ಸಣ್ಣದಾಗಿ ತೂಗಿದರೂ ಒಂದೇ ಹೊತ್ತು ಹಿಡಿಯುತ್ತದೆಯೇ ಎಂದು ತನ್ನ ನಾಡಿ ಹಿಡಿದು ಎಣಿಸಿದನಂತೆ. ಅವನ ಶಿಷ್ಯ ವಿವಿಯಾನಿ ಹೇಳಿದ ಕಥೆ ಇದು. ಆಗ ನಾಡಿಯೇ ಗಡಿಯಾರ. ಆಮೇಲೆ 1707ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಹಿಡಿದು ರೋಗಿಗಳ ನಾಡಿ ಎಣಿಸುವ ಬಗ್ಗೆ ಪುಸ್ತಕ ಬರೆದ. ನಾಡಿಯಿಂದ ಸಮಯ ಅಳೆಯುತ್ತಿದ್ದವರು ಸಮಯದಿಂದ ನಾಡಿ ಅಳೆಯತೊಡಗಿದರು. ಬಲಿಪೂಜೆಯ ಹೊತ್ತಿಗೆ ವಾಚ್ ನೋಡುವವರು ಈ ಕಥೆಯನ್ನು ನೆಪ ಮಾಡಿಕೊಳ್ಳಬೇಡಿ!

ನಮ್ಮ ಜಿಲ್ಲೆಯ ಉದಾಹರಣೆಯೂ ಇದೆ. ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದದ್ದು ನಾವೆಲ್ಲ ನೋಡಿದೆವು. ಆ ಆಟದಲ್ಲಿ ಒಂದು ಎದೆಬಡಿತಕ್ಕೂ ಬಂದೂಕಿನ ತುದಿ ಅಲುಗಬಹುದು. ಓಟದಲ್ಲಿ ನಾವು ಬಡಿತ ಏರಿಸುತ್ತೇವೆ, ಅಲ್ಲಿ ಇಳಿಸುತ್ತಾರೆ. ಎರಡಕ್ಕೂ ತನ್ನ ಎದೆಯ ಪರಿಚಯ ಬೇಕು.

ಇನ್ನು ಅಂಕಿಗಳ ವಿಷಯ. 220ರಲ್ಲಿ ವಯಸ್ಸು ಕಳೆದರೆ ಬರುವುದು ಗರಿಷ್ಠ ಬಡಿತ ಎಂದು ಎಲ್ಲ ಕಡೆ ಹೇಳುತ್ತಾರೆ. 21 ವರ್ಷದವರಿಗೆ 199. 2001ರಲ್ಲಿ ತನಾಕಾ ಮತ್ತು ಜೊತೆಗಾರರು ಕೊಟ್ಟ ಇನ್ನೊಂದು ಸೂತ್ರವಿದೆ. ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಬೇಕು. ಅದೇ ಹುಡುಗನಿಗೆ 193. ಎರಡೂ ಸರಾಸರಿ ಮಾತ್ರ. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ ಇಪ್ಪತ್ತರ ವ್ಯತ್ಯಾಸ ಇದ್ದರೂ ಇಬ್ಬರೂ ಆರೋಗ್ಯವಂತರೇ ಇರಬಹುದು. ನಿಧಾನದ ಓಟವೆಂದರೆ ಗರಿಷ್ಠದ ನೂರಕ್ಕೆ 60ರಿಂದ 70, ಅಂದರೆ 199 ಇದ್ದವರಿಗೆ ಸುಮಾರು 120ರಿಂದ 140. ವಾರದ ಓಟದಲ್ಲಿ ಬಹುಪಾಲು ಇಷ್ಟರಲ್ಲೇ ಇರಬೇಕು. ವಾಚ್ ಇಲ್ಲದವರಿಗೂ ಪರೀಕ್ಷೆ ಇದೆ. ಓಡುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬಂದರೆ ಅದು ನಿಧಾನದ ಓಟ. ಎರಡು ಶಬ್ದಕ್ಕೆ ಉಸಿರು ಕಟ್ಟಿದರೆ ಅಲ್ಲ.

ಇದನ್ನು ನಮಗೆ ಮೊದಲು ಕಲಿಸಿದವಳು ಗಡಹಿಂಗ್ಲಜದ ತಂಗಿ, 800 ಮೀಟರಿಗೆ ತಯಾರಾಗುತ್ತಿರುವವಳು. ಒಂದು ಬೆಳಿಗ್ಗೆ ಅವಳ ಅಂಕಿ ಬಂತು: ಓಡುವಾಗ ಸರಾಸರಿ 176. ನಾವು ಗಾಬರಿಯಾಗಿ ಫೋನ್ ಮಾಡಿದೆವು.

"ಇಷ್ಟು ಜೋರಾಗಿ ಯಾಕ ಓಡಿದಿ? ಇವತ್ತು ನಿಧಾನ ಅಂತ ಹೇಳಿದ್ವಿ ಅಲ್ಲ?"

"ಅಣ್ಣಾ, ನಾ ಅವ್ವನ ಜೋಡಿ ಫೋನಿನ್ಯಾಗ ಮಾತಾಡಕೋತ ಓಡೀನಿ. ಜೋರ್ ಎಲ್ಲಿ ಬಂತು?"

ಮರುದಿನ ಓಡಿ ನಿಂತ ಕೂಡಲೇ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸು ಎಂದೆವು. 140 ಬಂತು. ವಾಚ್ ಆಗಲೂ 170ರ ಮೇಲಿತ್ತು. ಪಟ್ಟಿ ಸಡಿಲವಿದ್ದರೆ ವಾಚ್ ಎದೆಬಡಿತ ಬಿಟ್ಟು ಕೈಯ ಅಲುಗಾಟ ಹಿಡಿದುಕೊಳ್ಳುತ್ತದೆ. ಅದು ಎಣಿಸಿದ್ದು ಅವಳ ಹೆಜ್ಜೆಗಳನ್ನು! ಮಣಿಕಟ್ಟಿನ ಎಲುಬಿಗಿಂತ ಎರಡು ಬೆರಳು ಮೇಲೆ ಸರಿಸಿ, ಅಲುಗದಂತೆ ಬಿಗಿಯಾಗಿ ಕಟ್ಟಿದ ಮೇಲೆ ಸರಿಹೋಯಿತು. ಚಳಿಯ ಬೆಳಿಗ್ಗೆಯೂ ಹೀಗಾಗುತ್ತದೆ, ಚರ್ಮದ ನಾಳಗಳು ಕುಗ್ಗಿರುತ್ತವೆ. ಐದು ನಿಮಿಷ ನಡೆದು ಕೈ ಬೆಚ್ಚಗಾದ ಮೇಲೆ ಅಂಕಿ ನೋಡಿ.

ಅವಳ ಸಲ ವಾಚ್ ತಪ್ಪು, ಅವಳು ಸರಿ. ನಾವು ನಕ್ಕು ಮುಂದೆ ಹೋದೆವು. ಅಂಕಿ ನೋಡಿದಾಗ ಮನುಷ್ಯನನ್ನೂ ಕೇಳಬೇಕು ಎಂಬ ಪಾಠ ಅಲ್ಲಿಯೇ ಇತ್ತು. ಕಲಿಯಲಿಲ್ಲ.

ಇಚಲಕರಂಜಿಯ ನಮ್ಮ ತಮ್ಮ ಯಂತ್ರಮಗ್ಗದಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ರಾತ್ರಿ ಎಂಟಕ್ಕೆ ಹೋದರೆ ಬೆಳಿಗ್ಗೆ ಎಂಟು. ಹನ್ನೆರಡು ತಾಸು ಲಾಳಿಯ ಸದ್ದಿನಲ್ಲಿ ನಿಂತಿದ್ದು, ಹೊರಗೆ ಬಂದು ಓಡಿ, ಆಮೇಲೆ ಮಲಗುವವನು. ನಮ್ಮಲ್ಲಿ ಎಲ್ಲರಿಗಿಂತ ವೇಗದ ಓಟಗಾರ ಅವನೇ. ಅವನ ವಿಶ್ರಾಂತಿ ನಾಡಿ 62, 63. ದೊಡ್ಡವರಲ್ಲಿ 60ರಿಂದ 100 ಸಹಜ. ಚೆನ್ನಾಗಿ ಓಡಿ ಪಳಗಿದವರಲ್ಲಿ ಇನ್ನೂ ಕೆಳಗಿರುತ್ತದೆ, ಏಕೆಂದರೆ ಅವರ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ನೋಟ್‌ಬುಕ್ಕಿನಲ್ಲಿ ಅವನ ಸಾಲು ನೋಡಿದರೆ ನಮಗೆ ಹೆಮ್ಮೆ.

ಆ ತಿಂಗಳು ವಾಚ್ ಅವನ ಕೈಗೆ ಹೋದಾಗ ಸೋಮವಾರ 64 ಬಂತು. ಬುಧವಾರ 70. ಗುರುವಾರ 73. ಶುಕ್ರವಾರ 77. ನಾವು ನಾಲ್ಕೂ ಅಂಕಿಗಳನ್ನು ಅಚ್ಚುಕಟ್ಟಾಗಿ ಬರೆದುಕೊಂಡೆವು. ಶುಕ್ರವಾರ ಗುಂಪಿನಲ್ಲಿ ಒಂದು ಸಂದೇಶವನ್ನೂ ಹಾಕಿದೆವು: "ನಮ್ಮ ಹೀರೋ ಪ್ರ್ಯಾಕ್ಟೀಸ್ ಬಿಟ್ಟಂಗ ಕಾಣತದ." ಜೊತೆಗೆ ನಗುವ ಚಿತ್ರ. ಉಳಿದವರೂ ನಕ್ಕರು. ಅವನೂ ಒಂದು ನಗುವ ಚಿತ್ರ ಹಾಕಿದ. ಭಾನುವಾರ 1600 ಮೀಟರಿನ ಟ್ರಯಲ್ ಇತ್ತು. ಈ ಸಲ ಯಾರೂ ತಪ್ಪಿಸಬಾರದು ಎಂದು ನಾವೇ ಎರಡು ಸಲ ಹೇಳಿದ್ದೆವು.

ಭಾನುವಾರ ಬೆಳಿಗ್ಗೆ ಅವನು ಮೊದಲ ಬಸ್ಸಿಗೆ ಬಂದ. ಮುಖ ಸ್ವಲ್ಪ ಬಾಡಿತ್ತು. "ಏನೋ, ಆರಾಮ ಅದೀ ಏನು?" ಎಂದೆವು. "ಏನಿಲ್ಲ ಅಣ್ಣಾ, ಚಲೋ ಅದೀನಿ" ಎಂದ. ನಮ್ಮ ಕಣ್ಣು ಅಷ್ಟರಲ್ಲೇ ಸ್ಟಾಪ್‌ವಾಚಿನ ಮೇಲಿತ್ತು. ಅವನ ಕೈಯ ವಾಚ್ ಓಟ ಶುರುವಾಗುವ ಮುಂಚೆ, ಸುಮ್ಮನೆ ನಿಂತಾಗಲೇ, 112 ತೋರಿಸುತ್ತಿತ್ತು ಎಂದು ಪಕ್ಕದಲ್ಲಿ ನಿಂತವಳು ಆಮೇಲೆ ಹೇಳಿದಳು. ಉತ್ಸಾಹಕ್ಕೆ ಇರಬಹುದು ಎಂದುಕೊಂಡಳಂತೆ. ಮೊದಲ ಎರಡು ಸುತ್ತು ಎಂದಿನಂತೆ ಓಡಿದ. ಮೂರನೇ ಸುತ್ತಿನ ತಿರುವಿನಲ್ಲಿ ದಾರಿ ತಪ್ಪಿದವನಂತೆ ಹುಲ್ಲಿನ ಕಡೆ ಹೋದ, ಮೊಣಕಾಲೂರಿದ, ವಾಂತಿ ಮಾಡಿಕೊಂಡು ಬಿದ್ದ. ನಾವು ಓಡಿಹೋಗಿ ಎತ್ತಿದಾಗ ಮೈ ಸುಡುತ್ತಿತ್ತು. ವಾಚ್ 194 ಎನ್ನುತ್ತಿತ್ತು. ಒಂದು ನಿಮಿಷದಷ್ಟು ಅವನಿಗೆ ನಾವು ಯಾರೆಂದು ಗೊತ್ತಾಗಲಿಲ್ಲ. ಆ ಒಂದು ನಿಮಿಷ ಈಗಲೂ ರಾತ್ರಿ ನೆನಪಾಗುತ್ತದೆ.

ಆಸ್ಪತ್ರೆಯಲ್ಲಿ 102 ಡಿಗ್ರಿ ಜ್ವರ. ಸಲೈನ್ ಹಚ್ಚಿದರು, ಇಸಿಜಿ ತೆಗೆದರು. ದೇವರ ದಯೆ, ಹೃದಯಕ್ಕೆ ಏನೂ ಆಗಿರಲಿಲ್ಲ. ವೈರಲ್ ಜ್ವರ, ನಿದ್ದೆಗೇಡು, ನೀರಿನ ಕೊರತೆ. ಡಾಕ್ಟರು ಬೈಯಲಿಲ್ಲ, ಬಿಡಿಸಿ ಹೇಳಿದರು. ಮೈ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ನಾಡಿ ಸುಮಾರು ಎಂಟು ಹತ್ತು ಏರುತ್ತದೆ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರಬಹುದು. ಅಂಥ ಹೊತ್ತಿನಲ್ಲಿ ಜೋರಾಗಿ ಓಡಿದರೆ ಹೃದಯದ ಲಯವೇ ತಪ್ಪಿ ಪ್ರಾಣಕ್ಕೆ ಬರಬಹುದು. "ಜ್ವರ ಬಿಟ್ಟ ಮೇಲೂ ಎರಡು ವಾರ ಓಟ ಬೇಡ" ಎಂದರು.

ಆಮೇಲೆ ತಿಳಿಯಿತು. ಅವನ ಜೊತೆಯ ಕೆಲಸಗಾರ ಊರಿಗೆ ಹೋಗಿದ್ದ. ಆ ವಾರ ಮೂರು ದಿನ ಇವನೇ ಹಗಲಿನ ಅರ್ಧ ಪಾಳಿಯನ್ನೂ ಮಾಡಿದ್ದ. ಓಟದ ಬೂಟಿಗೆ ದುಡ್ಡು ಕೂಡಿಸಬೇಕಿತ್ತು. ದಿನಕ್ಕೆ ಮೂರು ತಾಸು ನಿದ್ದೆ. ಗುರುವಾರದಿಂದ ಮೈಕೈ ನೋವು. ಗುಂಪಿನಲ್ಲಿ ನಮ್ಮ ಸಂದೇಶ ನೋಡಿದ ಮೇಲೆ ಹೇಳಲು ನಾಚಿಕೆಯಾಯಿತಂತೆ.

ಸಂಜೆ ಅವನ ತಾಯಿ ಬಂದರು. ನಾವು ನಡೆದದ್ದನ್ನೆಲ್ಲ ಹೇಳಿದೆವು, ನೋಟ್‌ಬುಕ್ಕಿನ ಸಾಲನ್ನೂ ತೋರಿಸಿದೆವು. ಮುಚ್ಚಿಡುವುದು ಸರಿ ಎನಿಸಲಿಲ್ಲ. ಅವರು ಆ ಪುಟವನ್ನು ಸ್ವಲ್ಪ ಹೊತ್ತು ನೋಡಿದರು. "ಅಂದ್ರ ನಿಮಗ ನಾಕ ದಿನ ಮೊದಲ ಗೊತ್ತಿತ್ತಲ್ಲೋ ತಮ್ಮಾ?" ಎಂದರು. ಅಷ್ಟೇ. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಲಿಕ್ಕೆ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. 64, 70, 73, 77. ನಮ್ಮದೇ ಅಕ್ಷರದಲ್ಲಿ ಬರೆದದ್ದು. ನಾವು ಅಂಕಿ ಓದಿದೆವು, ಹುಡುಗನನ್ನು ಓದಲಿಲ್ಲ.

ಮರುವಾರ ದೇವಾಲಯದಿಂದ ಮನೆಗೆ ಹೋಗುವ ದಾರಿಯಲ್ಲಿ ಪರಿಚಯದ ಒಬ್ಬ ಹಿರಿಯರ ಹತ್ತಿರ ಕೂತಿದ್ದೆವು. ವಯಸ್ಸಿನಲ್ಲಿ ಕುಸ್ತಿ ಆಡಿದವರು, ಆಮೇಲೆ ತಾಲೀಮಿನಲ್ಲಿ ವಸ್ತಾದರಾಗಿದ್ದವರು. ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ ಇರುವ ಊರು ಇದು. ಹೆಲ್ಸಿಂಕಿಯಲ್ಲಿ 1952ರಲ್ಲಿ ಕುಸ್ತಿಯ ಕಂಚು ತಂದ ಖಾಶಾಬಾ ಜಾಧವ ಇಲ್ಲಿಯ ರಾಜಾರಾಮ್ ಕಾಲೇಜಿನಲ್ಲಿ ಓದಿದವರು. ನಸುಕಿನಲ್ಲಿ ಎದ್ದು ಮೈ ದುಡಿಸುವುದನ್ನು ನಾವು ಈ ಊರಿಗೆ ಹೊಸದಾಗಿ ಕಲಿಸಬೇಕಿಲ್ಲ. ಪೈಲವಾನ ದಣಿದಿದ್ದಾನೆ ಎಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದೆವು. ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಬೆಳಿಗ್ಗೆ ಬಂದ ಹುಡುಗನಿಗೆ ಮೊದಲು ಮಣ್ಣು ಅಗೆಯಲು ಹೇಳುತ್ತಿದ್ದೆವು, ಅವನು ಸಲಿಕೆ ಹಿಡಿಯುವ ರೀತಿ ನೋಡಿ, ರಾತ್ರಿ ಏನು ಉಂಡೆ, ಮನೆಯಲ್ಲಿ ಏನು ನಡೆದಿದೆ ಎಂದು ಕೇಳಿ, ಆಮೇಲೆ ಇವತ್ತು ಕುಸ್ತಿಯೋ ಬರೀ ಮಾಲೀಷೋ ಎಂದು ನಿರ್ಧರಿಸುತ್ತಿದ್ದೆವು.

ವಾಚ್ ಎಸೆಯಬೇಕು ಎಂದು ನಮಗೆ ಅನಿಸಿಲ್ಲ. ಈ ಸಲ ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ನಾವು ಬದಲಿಸಿದ್ದು ನೋಟ್‌ಬುಕ್ಕನ್ನು. ಈಗ ನಾಡಿಯ ಪಕ್ಕ ಎರಡು ಹೊಸ ಸಾಲು ಇವೆ: ರಾತ್ರಿ ಎಷ್ಟು ತಾಸು ನಿದ್ದೆ, ಮೈ ಹೇಗಿದೆ. ಎರಡನೆಯದಕ್ಕೆ ಅಂಕಿ ಬರೆಯುವಂತಿಲ್ಲ, ಮಾತಿನಲ್ಲೇ ಬರೆಯಬೇಕು. ಬೆಳಿಗ್ಗೆ ಎದ್ದು, ಚಹಾ ಕುಡಿಯುವ ಮುಂಚೆ, ಮಲಗಿದಲ್ಲೇ ನಾಡಿ ನೋಡಬೇಕು. ಪಾಳಿ ಕೆಲಸದವರಿಗೆ ಬೆಳಿಗ್ಗೆ ಎಂದರೆ ಅವರು ನಿದ್ದೆಯಿಂದ ಏಳುವ ಹೊತ್ತು. ಒಂದು ವಾರದ ಅಂಕಿ ಕೂಡಿಸಿದರೆ ತನ್ನ ಸಹಜ ನಾಡಿ ಎಷ್ಟೆಂದು ತಿಳಿಯುತ್ತದೆ. ಅದನ್ನು ಪಕ್ಕದವರ ನಾಡಿಗೆ ಹೋಲಿಸಬೇಡಿ, ನಿಮ್ಮದಕ್ಕೇ ಹೋಲಿಸಿ. ಎರಡು ದಿನ ಏಳೆಂಟರಷ್ಟು ಮೇಲಿದ್ದರೆ ಆ ದಿನ ಜೋರು ಓಟ ಇಲ್ಲ, ನಡಿಗೆ ಅಥವಾ ರಜೆ. ಜ್ವರ ಇದ್ದರೆ ಓಟವೇ ಇಲ್ಲ, ಭರತಿ ನಾಳೆ ಇದ್ದರೂ ಮೊದಲು ಡಾಕ್ಟರು. ಓಡುವಾಗ ಎದೆನೋವು, ತಲೆಸುತ್ತು, ಬಡಿತ ತಾಳ ತಪ್ಪಿದಂತೆ ಅನಿಸಿದರೆ ವಾಚ್ ಏನೇ ತೋರಿಸಲಿ, ನಿಲ್ಲಬೇಕು. ಬಿಸಿಲಿನ ತಿಂಗಳಲ್ಲಿ ಅದೇ ವೇಗಕ್ಕೆ ಬಡಿತ ಹೆಚ್ಚಾಗುವುದು ಸಹಜ, ಆಗ ವೇಗ ಇಳಿಸಿ.

ಇನ್ನೊಂದು ನಿಯಮ ನಮಗಾಗಿ. ಯಾರ ಅಂಕಿ ಏರಿದೆಯೋ ಅವರಿಗೆ ಗುಂಪಿನಲ್ಲಿ ಬರೆಯುವುದಿಲ್ಲ. ಫೋನ್ ಮಾಡುತ್ತೇವೆ.

ತಮ್ಮ ಎರಡು ವಾರ ಮಲಗಿದ, ಮೂರನೇ ವಾರ ನಡೆದ. ನೋಡಲು ಹೋದಾಗ ಕ್ಷಮೆ ಕೇಳಿದೆವು. ಅವನಿಗೆ ಮುಜುಗರವಾಯಿತು, ಮಾತು ಮಗ್ಗದ ಕಡೆ ತಿರುಗಿಸಿದ. "ಅಣ್ಣಾ, ನಮ್ಮ ಮಗ್ಗನೂ ನಿಮಿಷಕ್ಕ ನೂರೈವತ್ತರ ಹತ್ರ ಹೊಡೀತೈತಿ. ಆದ್ರ ಹೊಕ್ಕಿನ ಎಳಿ ಕಡದ್ರ ಅದು ತಾನ ನಿಂದರತೈತಿ. ನಾವು ಹೋಗಿ ಎಳಿ ಜೋಡಿಸಿದ ಮ್ಯಾಲೇ ಚಾಲು." ಸ್ವಲ್ಪ ಹೊತ್ತು ಬಿಟ್ಟು, "ನನಗ ನಿಂದ್ರಾಕ ಬರಲಿಲ್ಲ" ಎಂದ. ನಿಲ್ಲು ಎಂದು ಹೇಳಬೇಕಾದವರು ನಾವಾಗಿದ್ದೆವು.

ಹೋದ ಭಾನುವಾರ ಅವನು ಮತ್ತೆ ರಂಕಾಳದ ದಂಡೆಗೆ ಬಂದಿದ್ದ. ಎಲ್ಲರಿಗಿಂತ ಹಿಂದೆ, ಗಡಹಿಂಗ್ಲಜದ ತಂಗಿಯ ಜೊತೆ ಮಾತಾಡುತ್ತಾ ಓಡಿದ. ನಾಡಿ 131. ಮೈ ಹೇಗಿದೆ ಎಂಬ ಸಾಲಿನಲ್ಲಿ ಅವನೇ ಬರೆದ: "ಹಸಿವಾಗ್ಯದ."

ವಾಚ್ ಈ ವಾರ ಗಡಹಿಂಗ್ಲಜದಲ್ಲಿದೆ. ಬರುವ ತಿಂಗಳ ಬಲಿಪೂಜೆಯ ಭಾನುವಾರ, ಬೆಳಿಗ್ಗೆ ಐದೂವರೆಗೆ ರಂಕಾಳದ ಹತ್ತಿರ ಸೇರುತ್ತೇವೆ. ವಾಚ್ ಇಲ್ಲದವರೂ ಬನ್ನಿ, ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟರೆ ಸಾಕು. ಓಡಲು ಆಗದವರು ನಡೆಯಲು ಬನ್ನಿ. ಮೈ ಸರಿ ಇಲ್ಲದವರು ಬರಬೇಡಿ. ಆದರೆ ಬರುವುದಿಲ್ಲ ಎಂದು ನಮಗೊಂದು ಫೋನ್ ಮಾಡಿ. ಯಾಕೆ ಎಂದು ನಾವು ಕೇಳುತ್ತೇವೆ.